ಹನ್ನೆರಡನೆಯ ಸೂಜಿ

ಮಗಳಿಗೆ ನಾಯಿ ಕಚ್ಚಿದೆ ಎಂಬ ಸುದ್ದಿ ಬಂದಾಗ ತಮ್ಮಯ್ಯ ಅರಕಲಗೂಡು ತಾಲ್ಲೂಕು ಕಚೇರಿಯಲ್ಲಿ ಮತದಾರರ ಪಟ್ಟಿಯ ನಾಲ್ಕನೆಯ ನಕಲು ಬರೆಯುತ್ತಿದ್ದ. ಅರವತ್ತೆರಡರ ಚುನಾವಣೆಗೆ ಹನ್ನೆರಡೇ ದಿನ ಉಳಿದಿತ್ತು. ಕಚೇರಿಯ ನೆಲದ ಮೇಲೆ ಕಾಲಿಡಲು ಜಾಗವಿಲ್ಲದಂತೆ ಪೆಟ್ಟಿಗೆಗಳು, ದಾರದ ಉಂಡೆಗಳು, ಅರಗಿನ ಕಡ್ಡಿಗಳು. ತಮ್ಮಯ್ಯ ಪೆನ್ನಿನ ಮುಚ್ಚಳ ಹಾಕುವುದನ್ನೂ ಮರೆತು ಸೈಕಲ್ ಹತ್ತಿದ.

ಅವನ ಊರು ಹಾಸನದ ರಸ್ತೆಯಲ್ಲಿ ಮೂರು ಮೈಲಿ ದೂರದ ಮಲ್ಲನಕೊಪ್ಪಲು. ಕೇರಿಯಲ್ಲಿ ಹೈಸ್ಕೂಲು ಪಾಸು ಮಾಡಿದವನು, ಸರ್ಕಾರಿ ಕೆಲಸ ಹಿಡಿದವನು ಅವನೊಬ್ಬನೇ. ಮನೆಯಲ್ಲಿ ಏಳು ತಿಂಗಳ ಬಸುರಿ ಹೆಂಡತಿ ಮಾಯಮ್ಮ, ಆರು ವರ್ಷದ ಮಗಳು ಮುದ್ದಮ್ಮ, ಮತ್ತೆ ಅಪ್ಪ ಬೋರಪ್ಪ. ಅವನು ಹೋಗುವ ಹೊತ್ತಿಗೆ ಜನ ನಾಯಿಯನ್ನು ಹೊಡೆದು ಕೊಂದಿದ್ದರು. ಅದು ಎರಡು ಕುರಿಗಳನ್ನೂ ಕಚ್ಚಿತ್ತು, ಬಾಯಲ್ಲಿ ನೊರೆ ಇಳಿಸುತ್ತಿತ್ತು ಎಂದು ನೋಡಿದವರು ಹೇಳಿದರು. ಮುದ್ದಿಯ ಮೀನಖಂಡದಲ್ಲಿ ಎರಡು ಹಲ್ಲು ಇಳಿದಿದ್ದವು. ಕೇರಿಯ ಹೆಂಗಸರು ಸೊಪ್ಪಿನ ರಸ ಹಿಂಡುವವರ ಹೆಸರು ಹೇಳುತ್ತಿದ್ದರು.

"ಸೊಪ್ಪೂ ಬೇಡ, ಗಿಪ್ಪೂ ಬೇಡ" ಎಂದವನೇ ತಮ್ಮಯ್ಯ ಗಾಯವನ್ನು ಸೋಪು ಹಾಕಿ ತೊಳೆದು, ಮಗಳನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಅರಕಲಗೂಡಿನ ಡಾಕ್ಟರ ಹತ್ತಿರ ಹೋದ. ಅವರು ನೋಡಿ, "ಇದಕ್ಕೆ ಔಷಧಿ ಇರೋದು ಹಾಸನದ ದೊಡ್ಡಾಸ್ಪತ್ರೇಲಿ. ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ನು, ದಿನಕ್ಕೊಂದು. ಒಂದು ದಿನಾನೂ ತಪ್ಪಬಾರದು" ಎಂದರು. ಕೊನೆಯ ಮಾತನ್ನು ಎರಡು ಸಲ ಹೇಳಿದರು.

ಮರುದಿನ ಮೊದಲ ಸೂಜಿಗೆ ತಮ್ಮಯ್ಯನೇ ಕರೆದುಕೊಂಡು ಹೋದ. ಮಾರನೆಯ ಬೆಳಿಗ್ಗೆ ರಜೆಯ ಅರ್ಜಿ ಹಿಡಿದು ಶಿರಸ್ತೇದಾರ್ ಪರಮಶಿವಯ್ಯನವರ ಮುಂದೆ ನಿಂತಾಗ ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅವರೂ ಮೂರು ದಿನದಿಂದ ಮನೆಗೆ ಹೋಗಿರಲಿಲ್ಲ.

"ತಮ್ಮಯ್ಯ, ನನ್ನ ಕೈಲಿದ್ದಿದ್ದರೆ ಈಗಲೇ ಬರೆದುಕೊಡ್ತಿದ್ದೆ. ಚುನಾವಣೆ ಮುಗಿಯೋವರೆಗೆ ಯಾರಿಗೂ ರಜೆ ಇಲ್ಲ ಅಂತ ಹಾಸನದಿಂದಲೇ ಆರ್ಡರ್ ಬಂದಿದೆ. ನಿನ್ನ ಹೆಸರು ರಾಮನಾಥಪುರದ ಮತಗಟ್ಟೆಗೆ ಬಿದ್ದಿದೆ. ಮನೇಲಿ ಬೇರೆ ಯಾರಾದರೂ ಇಲ್ವೇನಪ್ಪಾ?"

ಇದ್ದವನು ಬೋರಪ್ಪ. ಅರವತ್ತು ದಾಟಿದ್ದರೂ ಗಟ್ಟಿ ಆಳು. ನಲವತ್ತೇಳರಲ್ಲಿ ಮಹಾರಾಜರ ಸರ್ಕಾರದ ವಿರುದ್ಧ ಚಳವಳಿ ನಡೆದಾಗ ಹಾಸನದಲ್ಲಿ ಹನ್ನೊಂದು ದಿನ ಜೈಲಿನಲ್ಲಿದ್ದವನು. ಅಂದಿನಿಂದ ಕಾಂಗ್ರೆಸ್ಸು ಬಿಟ್ಟು ಬೇರೆ ಮಾತಿಲ್ಲ. ಅದರ ಗುರುತಾದ ಜೋಡೆತ್ತಿನ ಚಿತ್ರವನ್ನು ಮನೆಯ ಗೋಡೆಗೆ ತಾನೇ ಅಂಟಿಸಿದ್ದ. ಎರಡನೆಯ ದಿನ, ಮೂರನೆಯ ದಿನ ಅವನೇ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಎಂಟು ಗಂಟೆಯ ಬಸ್ಸು ಹತ್ತಿದ. ಆದರೆ ಮುದ್ದಿಗೆ ಈಗ ಸೂಜಿ ಎಂದರೇನೆಂದು ಗೊತ್ತಾಗಿತ್ತು. ಮೂರನೆಯ ದಿನ ಅವಳು ಒದ್ದ ರಭಸಕ್ಕೆ ಸೂಜಿಯೇ ಬಾಗಿಹೋಯಿತು.

ಸೂಜಿ ಚುಚ್ಚುತ್ತಿದ್ದ ನರ್ಸು ಅನಸೂಯಮ್ಮ ಒಳ್ಳೆಯ ಹೆಂಗಸು, ಆದರೆ ಖಡಕ್ಕು. "ಅಜ್ಜಾ, ಒಬ್ಬರ ಕೈಲಿ ಆಗಲ್ಲ. ಕೈ ಹಿಡಿಯೋಕೆ ಒಬ್ಬರು, ಕಾಲು ಹಿಡಿಯೋಕೆ ಒಬ್ಬರು ಬೇಕು. ನಾಳೆ ಇನ್ನೊಬ್ಬರನ್ನ ಕರ್ಕೊಂಡು ಬನ್ನಿ" ಎಂದಳು.

ಆ ಸಂಜೆ ಮಾಯಮ್ಮ ಮಾವನ ಮುಂದೆ ಬಂದು ನಿಂತಳು. ಏನು ಕೇಳುತ್ತಾಳೆಂದು ಬೋರಪ್ಪನಿಗೆ ಗೊತ್ತಿತ್ತು.

"ಮಾವ, ನಮ್ಮಪ್ಪಂಗೆ ಯೋಳಿ ಕಳುಸ್ಲಾ?"

ಬೋರಪ್ಪ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ, ಗೋಡೆಯ ಕಡೆ ತಿರುಗಿ, "ನಿನ್ನ ಮಗಳು, ನಿಮ್ಮಪ್ಪ. ನನ್ನೇನ್ ಕೇಳಿಯೇ" ಎಂದ.

ಮಾಯಮ್ಮನ ಅಪ್ಪ ಗುಂಡಯ್ಯ ಹೊಲಗಳಾಚೆ ಎರಡು ಮೈಲಿ ದೂರದ ಹಳ್ಳಿಯವನು. ಗಾಡಿ ಹೂಡಿ ಬದುಕುವವನು. ಐವತ್ತೇಳರ ಚುನಾವಣೆಯ ಹೊತ್ತಿಗೆ ಮುದ್ದಿಯ ಮುಡಿ ತೆಗೆಸಿ ಊಟ ಹಾಕಿಸಿದ್ದರು. ಗುಂಡಯ್ಯ ಆಗಲೇ ಪ್ರಜಾ ಸಮಾಜವಾದಿಗಳ ಗುಡಿಸಲಿನ ಗುರುತಿನ ಕಡೆ ವಾಲಿದ್ದ. ಜಮೀನಿಗೆ ದರಖಾಸ್ತು ಹಾಕಿ ಏಳು ವರ್ಷವಾಯಿತು, ನಿಮ್ಮ ಕಾಂಗ್ರೆಸ್ಸು ಒಂದು ಕುಂಟೆಯನ್ನೂ ಕೊಡಲಿಲ್ಲ ಎಂದು ಊಟದ ಪಂಕ್ತಿಯಲ್ಲಿ ಮಾತೆತ್ತಿದ. ಅದಕ್ಕೆ ಬೋರಪ್ಪ ಎಲ್ಲರಿಗೂ ಕೇಳುವಂತೆ, "ಗುಡಿಸ್ಲಲ್ಲಿ ಉಟ್ದೋನು ಗುಡಿಸ್ಲಿಗೇ ಓಟಾಕ್ತಾನೆ, ಬುಡ್ರಲಾ" ಎಂದ. ಇಡೀ ಪಂಕ್ತಿ ನಕ್ಕಿತು. ಗುಂಡಯ್ಯ ಎಲೆ ಬಿಟ್ಟು ಎದ್ದವನು ಆಮೇಲೆ ಆ ಮನೆಯ ಹೊಸಿಲು ತುಳಿದಿರಲಿಲ್ಲ. ಮಗಳನ್ನು ನೋಡಬೇಕೆನಿಸಿದಾಗ ಹೊಲದ ಬದುವಿನಲ್ಲಿ ನಿಂತು ಹೇಳಿ ಕಳಿಸುತ್ತಿದ್ದ.

ನಾಲ್ಕನೆಯ ದಿನ ಬೆಳಿಗ್ಗೆ ಅವನು ರಸ್ತೆಯ ಹೊಂಗೆಮರದ ಕೆಳಗೆ ಬಂದು ನಿಂತಿದ್ದ. ಮನೆಗೆ ಬರಲಿಲ್ಲ. ಬೋರಪ್ಪನೂ ಕರೆಯಲಿಲ್ಲ. ಬಸ್ಸಿನಲ್ಲಿ ಮುದ್ದಿಯನ್ನು ನಡುವೆ ಕೂರಿಸಿಕೊಂಡು ಒಬ್ಬ ಈ ಕಿಟಕಿ, ಒಬ್ಬ ಆ ಕಿಟಕಿ ನೋಡುತ್ತ ಹಾಸನ ತಲುಪಿದರು. ಮಾತೇನಿದ್ದರೂ ಮಗುವಿನ ಮೂಲಕವೇ.

"ಮುದ್ದಿ, ಗಟ್ಟಿಯಾಗಿ ಇಡ್ಕಬೇಕಂತೆ, ಕಾಲ ನೋಡ್ಕಳಾಕೆ ಯೋಳು."

"ಗಾಡಿ ತಾತ, ಕಾಲು ನೋಡ್ಕೊಬೇಕಂತೆ."

"ನಂಗೆ ಗೊತ್ತು ಅಂತ ಯೋಳವ್ವ."

ಅನಸೂಯಮ್ಮ ಸೂಜಿ ಕುದಿಸುತ್ತ ಇಬ್ಬರನ್ನೂ ನೋಡಿ, "ಅಣ್ಣತಮ್ಮಂದಿರಾ ನೀವು?" ಎಂದು ಕೇಳಿದಳು.

"ಇಲ್ಲ ಕಣವ್ವಾ, ಬೀಗ್ರು" ಎಂದು ಇಬ್ಬರೂ ಒಟ್ಟಿಗೆ ಅಂದುಬಿಟ್ಟು, ಆಮೇಲೆ ತಲೆ ತಗ್ಗಿಸಿದರು.

ದಿನಗಳು ಹೀಗೇ ಸಾಗಿದವು. ತಮ್ಮಯ್ಯ ಮನೆಗೆ ಬರುತ್ತಿದ್ದುದು ಕತ್ತಲಾದ ಮೇಲೆ, ಹೋಗುತ್ತಿದ್ದುದು ಮುದ್ದಿ ಏಳುವ ಮುಂಚೆ. ಮಲಗಿದ ಮಗಳ ಅಂಗಿ ಎತ್ತಿ ಹೊಟ್ಟೆಯ ಮೇಲಿನ ಗಂಟುಗಳನ್ನು ಎಣಿಸುತ್ತಿದ್ದ. ಐದು, ಆರು, ಏಳು. ಮಾಯಮ್ಮ ಬಿಸಿನೀರಲ್ಲಿ ಬಟ್ಟೆ ಅದ್ದಿ ಶಾಖ ಕೊಡುತ್ತಿದ್ದಳು. ಪ್ರತಿ ಬೆಳಿಗ್ಗೆ ಅವಳು ಮಗಳ ಕೈಗೆ ನೀರಿನ ಲೋಟ ಕೊಟ್ಟು, ಕುಡಿಯುವುದನ್ನೇ ನೋಡುತ್ತಿದ್ದಳು. ನೀರು ಕಂಡರೆ ಹೆದರಿಕೆಯಾದರೆ ಮುಗಿಯಿತು ಎಂದು ಯಾರೋ ಹೇಳಿದ್ದರು. ಮುದ್ದಿ ಗಟಗಟ ಕುಡಿದು ಬಾಯಿ ಒರೆಸಿಕೊಳ್ಳುತ್ತಿದ್ದಳು. ಆಮೇಲೆ ಮಾಯಮ್ಮ ಒಲೆ ಹಚ್ಚುತ್ತಿದ್ದಳು.

ಒಂಬತ್ತನೆಯ ದಿನ ಆಸ್ಪತ್ರೆಯ ಹಜಾರದಲ್ಲಿ ಹೋಗುವಾಗ ಕೊನೆಯ ಕೋಣೆಯ ಬಾಗಿಲು ತೆರೆದಿತ್ತು. ಆಲೂರಿನ ಕಡೆಯ ರೈತನೊಬ್ಬನನ್ನು ಅಲ್ಲಿ ಮಂಚಕ್ಕೆ ಕಟ್ಟಿದ್ದರು. ಎರಡು ತಿಂಗಳ ಹಿಂದೆ ನಾಯಿ ಕಚ್ಚಿದ್ದಾಗ ನಾಟಿ ಔಷಧಿ ನಂಬಿ ಕುಳಿತಿದ್ದನಂತೆ. ಯಾರೋ ಒಳಗೆ ನೀರಿನ ಹೂಜಿ ಇಟ್ಟರು. ಆ ಮನುಷ್ಯನ ಗಂಟಲಿನಿಂದ ಹೊರಟ ಸದ್ದು ಮನುಷ್ಯನದಾಗಿರಲಿಲ್ಲ. ಬೋರಪ್ಪನ ತೋಳಿನಲ್ಲಿದ್ದ ಮುದ್ದಿ ಕತ್ತು ತಿರುಗಿಸಿದಳು.

"ಬೀಗ್ರೆ, ಕೂಸಿನ ಕಣ್ಣು ಮುಚ್ಚಿ!" ಎಂದು ಬೋರಪ್ಪ ಕೂಗಿದ.

ಗುಂಡಯ್ಯ ಹೆಗಲ ಟವಲನ್ನು ಅವಳ ತಲೆಗೆ ಮುಸುಕು ಹಾಕಿ, ಇಬ್ಬರನ್ನೂ ತಬ್ಬಿ ಹಿಡಿದು ಮುಂದಕ್ಕೆ ನೂಕಿಕೊಂಡು ಹೋದ.

ಸೂಜಿ ಮುಗಿದ ಮೇಲೆ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತರು. ಗುಂಡಯ್ಯ ಬೀಡಿ ತೆಗೆದ. ಮೂರು ಕಡ್ಡಿ ಗೀರಿದರೂ ಹತ್ತಲಿಲ್ಲ. ಬೋರಪ್ಪ ಬೆಂಕಿಪೊಟ್ಟಣ ಇಸಿದುಕೊಂಡು, ಅಂಗೈ ಮರೆ ಮಾಡಿ ಹಚ್ಚಿಕೊಟ್ಟ.

"ನಾವೂ ಸೊಪ್ಪು ಅರೀತಾ ಕುಂತ್ಕಂಡಿದ್ರೆ..." ಎಂದ ಗುಂಡಯ್ಯ.

"ನಿಮ್ಮಳಿಯ ಬುಡ್ನಿಲ್ವಲ್ಲ" ಎಂದ ಬೋರಪ್ಪ.

"ನಿಮ್ಮ ಮಗ" ಎಂದ ಗುಂಡಯ್ಯ.

ಹನ್ನೊಂದನೆಯ ದಿನ ವಾಪಸು ಬರುವಾಗ ಕಂಡಕ್ಟರು ನಾಳೆ ಓಟಿನ ದಿನ, ಬಸ್ಸಿಲ್ಲ ಎಂದ. ಬಸ್ಸುಗಳನ್ನೆಲ್ಲ ಚುನಾವಣೆ ಕೆಲಸಕ್ಕೆ ತೆಗೆದುಕೊಂಡಿದ್ದಾರೆ, ನಾಡಿದ್ದು ಬೆಳಿಗ್ಗೆಯೇ ಇನ್ನು ಎಂದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಸನದಲ್ಲಿ ಉಳಿಯೋಣವೆಂದರೆ ಬಲ್ಲವರ ಮನೆಯಿಲ್ಲ, ತಮ್ಮ ಕೇರಿಯವರನ್ನು ಒಳಗೆ ಬಿಟ್ಟುಕೊಳ್ಳುವ ಛತ್ರವೂ ಅವರಿಗೆ ಗೊತ್ತಿರಲಿಲ್ಲ.

ಹೊಂಗೆಮರದ ಕೆಳಗೆ ಇಳಿದಾಗ ಗುಂಡಯ್ಯ ಹೇಳಿದ: "ನನ್ನ ಗಾಡಿ ಐತಲ್ಲ. ಕೋಳಿ ಕೂಗೋ ವತ್ಗೆ ಒಂಟ್ರೆ ಅತ್ತು ಗಂಟೆಗೆ ಹಾಸನ. ಹದಿನಾಲ್ಕೇ ಮೈಲಿ."

"ವಾಪಸ್ ಬರಾ ವತ್ಗೆ ಸಂಜೆ ಆಯ್ತದೆ" ಎಂದ ಬೋರಪ್ಪ. "ಐದು ಗಂಟೆಗೆ ಪೆಟ್ಗೆ ಮುಚ್ತಾರೆ."

ಐವತ್ತೆರಡರಲ್ಲಿ, ಐವತ್ತೇಳರಲ್ಲಿ ಬೋರಪ್ಪ ಮಲ್ಲನಕೊಪ್ಪಲಿನಲ್ಲಿ ಮೊದಲ ಓಟು ಹಾಕಿದವನು. ಸ್ನಾನ ಮಾಡಿ ಮಡಿ ಪಂಚೆ ಉಟ್ಟು ಬಾಗಿಲು ತೆರೆಯುವ ಮುಂಚೆಯೇ ಹೋಗಿ ನಿಲ್ಲುತ್ತಿದ್ದ. ಗುಂಡಯ್ಯನಿಗೂ ಓಟೆಂದರೆ ಸಣ್ಣ ವಿಷಯವಲ್ಲ. ಈ ಸಲ ಒಂದೇ ಚೀಟಿಯ ಮೇಲೆ ಮುದ್ರೆ ಒತ್ತಬೇಕಂತೆ ಎಂದು, ಇದ್ದಿಲ ತುಂಡಿನಿಂದ ಹಳೆಯ ಕಾಗದದ ಮೇಲೆ ಒತ್ತಿ ಒತ್ತಿ ಅಭ್ಯಾಸ ಮಾಡಿಕೊಂಡಿದ್ದ.

"ಇಬ್ರಲ್ಲಿ ಒಬ್ರು ಓದ್ರೆ ಆಗಾಕಿಲ್ಲ" ಎಂದ ಗುಂಡಯ್ಯ. "ಕೈಗೊಬ್ರು ಕಾಲಿಗೊಬ್ರು ಬೇಕು. ಗಾಡಿ ನಾನೇ ಒಡೀಬೇಕು. ನಿಮ್ದೊಂದು ಓಟು ಓಯ್ತದೆ, ನನ್ದೊಂದು ಓಯ್ತದೆ. ಎತ್ತಿಗೊಂದು ಕಮ್ಮಿ, ಗುಡಿಸ್ಲಿಗೊಂದು ಕಮ್ಮಿ. ಯಾರಿಗೂ ಮೋಸ ಇಲ್ಲ ಬೀಗ್ರೆ."

ಬೋರಪ್ಪ ತಲೆಯನ್ನು ಹೂಂ ಎನ್ನುವಂತೆ ಆಡಿಸಿ ಮನೆಯ ದಾರಿ ಹಿಡಿದ.

ಸಂಜೆ ಊರ ರಾಮಣ್ಣಗೌಡರು ಜೀಪಿನಲ್ಲಿ ಕೇರಿಗೆ ಬಂದರು. ನಲವತ್ತೇಳರಲ್ಲಿ ಬೋರಪ್ಪನ ಜೊತೆ ಜೈಲಿನಲ್ಲಿದ್ದವರು. ಜೈಲಿನಲ್ಲಿ ಒಂದೇ ಹಂಡೆಯ ಅನ್ನ ತಿಂದಿದ್ದರೂ ಊರಿಗೆ ಬಂದ ಮೇಲೆ ಬೋರಪ್ಪ ನಿಲ್ಲುತ್ತಿದ್ದುದು ಅವರ ಜಗಲಿಯ ಕೆಳಗೇ. ಆದರೂ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ವಿಶ್ವಾಸವಿತ್ತು.

"ಬೋರಪ್ಪ, ನಾಳೆ ಹಾಸನಕ್ಕೆ ಗಾಡೀಲಿ ಹೋಗ್ತೀಯಂತೆ? ಮೊದಲನೇ ಓಟು ನಿಂದಾಗಬೇಕು ಕಣಯ್ಯ, ನಿನ್ನ ನೋಡೇ ಕೇರಿಯೋರು ಹೊರಡೋದು. ಓಟು ಹಾಕ್ಬಿಡು. ಹತ್ತು ಗಂಟೆಗೆ ಇದೇ ಜೀಪಲ್ಲಿ ನಿನ್ನನ್ನೂ ಮಗುವನ್ನೂ ಕಳಿಸಿಕೊಡ್ತೀನಿ. ಒಂದು ಗಂಟೆ ದಾರಿ."

ಬೋರಪ್ಪನ ಮುಖ ಅರಳಿದ್ದನ್ನು ಬಾಗಿಲ ಸಂದಿಯಿಂದ ಮಾಯಮ್ಮ ಕಂಡಳು. ಜೀಪು ನಂಬಬೇಡಿ ಎನ್ನಬೇಕೆನಿಸಿದರೂ ಮಾವನ ಮುಂದೆ ಮಾತಾಡುವ ಧೈರ್ಯವಿರಲಿಲ್ಲ.

"ಜೀಪು ನಾಳೆ ಎಲ್ಲೆಲ್ಲಿ ಓಯ್ತದೆ ಗೌಡ್ರೆ?" ಎಂದು ಕೇಳಿದ ಬೋರಪ್ಪ.

"ಬೆಳಿಗ್ಗೆ ಕೊಣನೂರ ಕಡೆ ಒಂದು ಸುತ್ತು. ಹತ್ತರೊಳಗೆ ಬಂದುಬಿಡುತ್ತೆ."

"ಬರ್ನಿಲ್ಲ ಅಂದ್ರೆ?"

ರಾಮಣ್ಣಗೌಡರು ಸುಳ್ಳು ಹೇಳುವ ಜನ ಅಲ್ಲ. "ಚುನಾವಣೆ ದಿನ ನೋಡು. ಬರುತ್ತೆ ಅಂತಲೇ ಅಂದ್ಕೊಂಡಿದ್ದೀನಿ" ಎಂದರು.

ಬೋರಪ್ಪ ಕೈ ಮುಗಿದ. "ಅಂಗಾರೆ ಬ್ಯಾಡ ಗೌಡ್ರೆ. ನಮ್ಮ ಬೀಗ್ರಿಗೆ ಮಾತು ಕೊಟ್ಟಿವ್ನಿ. ಕೇರಿಯೋರಿಗೆಲ್ಲ ನಾನೇ ಯೋಳ್ತೀನಿ, ಓಗಿ ಹಾಕಿ ಅಂತ. ನನ್ದೊಂದು ಈ ಸಲಕ್ಕೆ ಬುಟ್ಬುಡಿ."

ಗೌಡರು ಅವನ ಭುಜ ತಟ್ಟಿ ಹೋದರು. ಅವರು ಅವನನ್ನು ಮುಟ್ಟಿದ್ದು ಜೈಲಿನಿಂದ ಬಂದ ಮೇಲೆ ಅದೇ ಮೊದಲು. ಬಾಗಿಲ ಹಿಂದೆ ಮಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬೆಳಿಗ್ಗೆ ಗಾಡಿ ಹೊರಟಾಗ ಮೂಡಲು ಇನ್ನೂ ಬಿಳಿಚಿಕೊಂಡಿರಲಿಲ್ಲ. ಹುಲ್ಲಿನ ಮೇಲೆ ಕಂಬಳಿ ಹಾಸಿ ಮುದ್ದಿಯನ್ನು ಮಲಗಿಸಿದ್ದರು. ಬೆಳಕು ಹರಿದ ಮೇಲೆ ಎರಡು ಮೈಲಿಗೊಮ್ಮೆ ಮತಗಟ್ಟೆಯ ಶಾಲೆಗಳು ಎದುರಾದವು. ಹೆಂಗಸರು ಹಬ್ಬಕ್ಕೆ ಹೊರಟಂತೆ ಹೂ ಮುಡಿದು ಸಾಲು ನಿಂತಿದ್ದರು. ಬೋರಪ್ಪ ಕತ್ತು ಹೊರಳಿಸಿ ಹೊರಳಿಸಿ ನೋಡಿದ. ಗುಂಡಯ್ಯ ಎತ್ತುಗಳ ಬಾಲ ಮುಟ್ಟಿ ಬೇಗ ಬೇಗ ದಾಟಿಸಿದ.

ಬಿಸಿಲು ಏರಿದ ಮೇಲೆ ಬೋರಪ್ಪ ಬಾಯಿ ಬಿಟ್ಟ.

"ಅವತ್ತು ಮುಡಿ ಊಟದಲ್ಲಿ ನಾನಂದ ಮಾತು ಐತಲ್ಲ ಬೀಗ್ರೆ. ಬಾಯಿ ತಪ್ಪಿ ಬಂದದ್ದಲ್ಲ ಅದು. ನಾಕು ಜನ ನಗಾಡ್ಲಿ ಅಂತಾನೇ ಅಂದೆ. ಮನೆಗೆ ಬಂದೋರ್ನ ಅಂಗನ್ನಬಾರ್ದಿತ್ತು."

ಗುಂಡಯ್ಯ ಎತ್ತುಗಳನ್ನು ನಿಧಾನಿಸಿದ. ಗಾಡಿ ಒಂದು ಹಳ್ಳ ಇಳಿದು ಹತ್ತಿತು.

"ನಾನೂ ಎಲೆ ಬುಟ್ಟು ಏಳಬಾರ್ದಿತ್ತು" ಎಂದ ಆಮೇಲೆ. "ಮಾಯಿ ಅವತ್ತೆಲ್ಲ ಅತ್ತಳಂತೆ. ಬಾಣಂತಿತನ ಮುಗಿದು ವರ್ಸ ಆಗಿರ್ನಿಲ್ಲ, ಮಗಿಗೆ ಆಲು ಕುಡಿಸ್ತಾ ಅತ್ತಳಂತೆ. ಅದನ್ನ ಕೇಳಿದ್ಮೇಲೂ ನಾನು ಬರ್ನಿಲ್ಲ ನೋಡಿ."

"ದರಖಾಸ್ತು ಏನಾಯ್ತು?"

"ಅನ್ನೆಲ್ಡು ವರ್ಸ ಆಯ್ತು. ಪೈಲು ಎಲ್ಲೈತೋ. ನಿಮ್ಮೋರು ಬರೇ ಮಾತಾಡ್ತಾರೆ ಅಂದ್ರೆ ನಿಮಗೆ ಸಿಟ್ಟು."

"ಸಿಟ್ಟೇ" ಎಂದ ಬೋರಪ್ಪ. "ನನ್ನಪ್ಪ ಶಾನುಭೋಗರ ಮನೆ ಮುಂದೆ ಮೆಟ್ಟು ಬುಟ್ಟು ನಿಂತ್ಕಳ್ಳೋನು. ನನ್ನ ಮಗ ತಾಲ್ಲೂಕು ಕಚೇರೀಲೇ ಕುರ್ಚಿ ಮ್ಯಾಲೆ ಕುಂತವ್ನೆ. ಹಾಸನದಾಗೆ ಪುಕ್ಕಟೆ ಹಾಸ್ಟೆಲ್ಲು ಇಲ್ದಿದ್ರೆ ಅವನೂ ನಿಮ್ಮಂಗೆ ಗಾಡಿ ಒಡೀಬೇಕಾಗಿತ್ತು. ನಾನೆಂಗೆ ಬುಡ್ಲಿ?"

"ಬುಡಿ ಅಂತ ಯಾರಂದ್ರು? ನನ್ನೂ ಬುಡು ಅನ್ನಬ್ಯಾಡಿ."

"ಅನ್ನಾಕಿಲ್ಲ."

ಹತ್ತೂವರೆಗೆ ಆಸ್ಪತ್ರೆ ಮುಟ್ಟಿದರು. ದಿನವೂ ಸೂಜಿಗೆ ಬರುತ್ತಿದ್ದ ಒಂಬತ್ತು ಜನರಲ್ಲಿ ಆ ದಿನ ಬಂದವರು ಮೂವರೇ. ಅನಸೂಯಮ್ಮ ಇವರನ್ನು ಕಂಡು ಎದ್ದು ನಿಂತಳು. "ಗಾಡೀಲಿ ಬಂದ್ರಾ, ಅಷ್ಟು ದೂರದಿಂದ?" ಎಂದು ಮುದ್ದಿಯ ಕೆನ್ನೆ ಸವರಿದಳು. ಹನ್ನೆರಡನೆಯ ಸೂಜಿಗೆ ಮುದ್ದಿ ಒದೆಯಲಿಲ್ಲ. ಇಬ್ಬರು ತಾತಂದಿರ ಹೆಬ್ಬೆರಳನ್ನು ಒಂದೊಂದು ಕೈಯಲ್ಲಿ ಹಿಡಿದು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಗುಂಡಯ್ಯನಿಗೆ ಕಾಲು ಹಿಡಿಯುವ ಕೆಲಸವೇ ಇರಲಿಲ್ಲ.

ಅದೇ ಹೊತ್ತಿನಲ್ಲಿ ತಮ್ಮಯ್ಯ ರಾಮನಾಥಪುರದ ಶಾಲೆಯಲ್ಲಿ ಬಂದವರ ಬೆರಳಿಗೆ ಶಾಯಿ ಹಚ್ಚುತ್ತಿದ್ದ. ಕಿಟಕಿಯಾಚೆ ಮರದಡಿ ಒಂದು ಬಸ್ಸು ನಿಂತಿತ್ತು, ಗಾಜಿಗೆ ಚುನಾವಣೆಯ ಚೀಟಿ ಅಂಟಿಸಿಕೊಂಡು. ಮಗಳು ದಿನವೂ ಹತ್ತುತ್ತಿದ್ದ ಎಂಟು ಗಂಟೆಯ ಬಸ್ಸು ಅದು. ನೋಡಿದ ಕೂಡಲೇ ಅವನ ಕೈ ನಿಂತುಹೋಯಿತು. ಎರಡು ದಿನದಿಂದ ಮನೆಗೆ ಹೋಗಿರಲಿಲ್ಲ. ಗಾಡಿಯ ವಿಷಯ ಅವನಿಗೆ ಗೊತ್ತಿರಲಿಲ್ಲ. ಬೆರಳು ಚಾಚಿ ನಿಂತಿದ್ದ ಮುದುಕಿ "ಹಚ್ಚಪ್ಪಾ" ಎಂದಳು. ಮನೆಗೆ ಹೋಗಿ ಬರಲೇ ಎಂದು ಮತಗಟ್ಟೆಯ ಅಧಿಕಾರಿಯನ್ನು ಕೇಳಿದ. ಅವರು ಸಾಲು ನೋಡಿದರು, ಅವನನ್ನು ನೋಡಿದರು, ತಲೆ ಅಲ್ಲಾಡಿಸಿದರು. ಸಂಜೆಯವರೆಗೆ ನಾನೂರು ಬೆರಳಿಗೆ ಶಾಯಿ ಹಚ್ಚಿದ. ಪ್ರತಿ ಸಲವೂ ಡಾಕ್ಟರರು ಎರಡು ಬಾರಿ ಹೇಳಿದ ಮಾತು ಕಿವಿಯಲ್ಲಿ ಕೇಳುತ್ತಿತ್ತು.

ಪೆಟ್ಟಿಗೆಗಳ ಲಾರಿಯಲ್ಲಿ ಅರಕಲಗೂಡಿಗೆ ಬಂದು, ಒಪ್ಪಿಸಿ, ಮಾರನೆಯ ಬೆಳಿಗ್ಗೆ ಅವನು ಮನೆ ಸೇರಿದಾಗ ಅಂಗಳದಲ್ಲಿ ಗಾಡಿ ನಿಂತಿತ್ತು. ಜಗಲಿಯ ಮೇಲೆ ಮಾವ ಕೂತಿದ್ದ, ಪಕ್ಕದಲ್ಲಿ ಅಪ್ಪ. ಇಬ್ಬರ ಮುಂದೆಯೂ ಕಾಫಿಯ ಲೋಟ.

"ಸೂಜಿ ಆಯ್ತು ಕಣ್ಲಾ" ಎಂದ ಬೋರಪ್ಪ. "ಅನ್ನೆಲ್ಡೂ ಆಯ್ತು. ಇನ್ನೆಲ್ಡು."

"ಎಂಗೆ ಓದ್ರಪ್ಪ?"

"ನಿಮ್ಮಾವನ ಗಾಡೀಲಿ."

ತಮ್ಮಯ್ಯ ಅಪ್ಪನ ಎಡಗೈ ಬೆರಳು ನೋಡಿದ. ಆಮೇಲೆ ಮಾವನದು. ಎರಡರ ಮೇಲೂ ಶಾಯಿಯ ಗುರುತಿರಲಿಲ್ಲ. ಜಗಲಿಯ ಕಂಬಕ್ಕೆ ಒರಗಿ ಕುಸಿದು ಕೂತು ಎಳೆಯವನಂತೆ ಅತ್ತ. ಬೋರಪ್ಪ ಏನು ಮಾಡಬೇಕೋ ತಿಳಿಯದೆ ತನ್ನ ಕಾಫಿಯನ್ನು ಅವನ ಮುಂದೆ ಸರಿಸಿದ. ಒಳಗಿನಿಂದ ಬಂದ ಮಾಯಮ್ಮ ಗಂಡನ ತಲೆಯ ಮೇಲೆ ಕೈಯಿಟ್ಟು ನಿಂತಳು.

ಹದಿನಾಲ್ಕನೆಯ ಸೂಜಿಯಾದ ರಾತ್ರಿ ಮುದ್ದಿಗೆ ಜ್ವರ ಬಂತು. ಬರಬಹುದೆಂದು ಅನಸೂಯಮ್ಮ ಹೇಳಿದ್ದಳು, ಆದರೂ ಯಾರಿಗೂ ಧೈರ್ಯ ಸಾಲಲಿಲ್ಲ. ಎಣಿಕೆ ಮುಗಿದು ಗೆದ್ದವರ ಮೆರವಣಿಗೆ ಡೋಲು ಬಡಿಯುತ್ತ ರಸ್ತೆಯಲ್ಲಿ ಹೋದಾಗ ಬೋರಪ್ಪನಾಗಲಿ ಗುಂಡಯ್ಯನಾಗಲಿ ಹೊರಗೆ ಬಂದು ನೋಡಲಿಲ್ಲ. ಒಬ್ಬ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದ, ಒಬ್ಬ ಅಂಗಾಲು ತಿಕ್ಕುತ್ತಿದ್ದ. ಮೂರನೆಯ ದಿನ ಜ್ವರ ಇಳಿದು ಮುದ್ದಿ ಮೊಸರನ್ನ ಕೇಳಿದಳು. ಪರಮಶಿವಯ್ಯನವರು ತಮ್ಮಯ್ಯನಿಗೆ ನಾಲ್ಕು ದಿನ ರಜೆ ಬರೆದುಕೊಟ್ಟರು.

ಗುಂಡಯ್ಯ ಊರಿಗೆ ಹೊರಟ ದಿನ ಬೋರಪ್ಪ "ಕೆರೆ ಏರಿ ತನಕ ಬತ್ತೀನಿ" ಎಂದು ಜೊತೆಗೆ ಹೆಜ್ಜೆ ಹಾಕಿದ. ಎತ್ತುಗಳು ತಮ್ಮ ಪಾಡಿಗೆ ಗಾಡಿ ಎಳೆದುಕೊಂಡು ಹೋಗುತ್ತಿದ್ದವು. ಸ್ವಲ್ಪ ಹೊತ್ತಿನಲ್ಲೇ ಏರಿಯ ಕಡೆಯಿಂದ ಜೋರು ದನಿ ಕೇಳಿಸಿತು. ಬಾಗಿಲಲ್ಲಿ ನಿಂತಿದ್ದ ಮಾಯಮ್ಮ ಗಾಬರಿಯಾದಳು.

"ಅಯ್ಯೋ, ಮತ್ತೆ ಶುರುವಾಯ್ತಲ್ಲ! ಓಗಿ ಬುಡಿಸ್ಬಾರ್ದಾ?"

ತಮ್ಮಯ್ಯ ಕಿವಿಗೊಟ್ಟ. ತಾಲ್ಲೂಕು ಬೋರ್ಡು, ದರಖಾಸ್ತು, ರಸ್ತೆಗೆ ಜಲ್ಲಿ ಹಾಕಿಸಿದ್ದು ಯಾರು ಎಂಬ ಮಾತುಗಳು ಗಾಳಿಯಲ್ಲಿ ತೇಲಿ ಬರುತ್ತಿದ್ದವು. ನಡುನಡುವೆ "ಅಲ್ಲ ಬೀಗ್ರೆ, ಕೇಳಿ ಇಲ್ಲಿ" ಎಂಬುದು ಒಮ್ಮೆ ಈ ದನಿಯಲ್ಲಿ, ಒಮ್ಮೆ ಆ ದನಿಯಲ್ಲಿ.

"ಬ್ಯಾಡ ಬುಡು" ಎಂದ ತಮ್ಮಯ್ಯ. "ಮಾತಾಡ್ಕಳ್ಳಿ."

ಕೆರೆ ಏರಿ ಮುಗಿದು ಗಾಡಿ ಹೊಲದ ದಾರಿಗೆ ಇಳಿಯಿತು. ಬೋರಪ್ಪ ಅಲ್ಲಿ ನಿಲ್ಲಲಿಲ್ಲ, ಅದರ ಹಿಂದೆಯೇ ನಡೆದ. ಮುದ್ದಿ ಅಪ್ಪನ ಹೆಗಲೇರಿ ಇಬ್ಬರಿಗೂ ಕೈಬೀಸಿದಳು. ಅವರು ನೋಡಲಿಲ್ಲ.